ಒಂದು ಸೀಸೆ ಬಿಯರ್, ಏಳು ಕಾಯ್ದೆ



ವಾರ್ಷಿಕ ಕುಟುಂಬ ಮಿಲನಕ್ಕೆ ಸಲಹೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆ. ಹದಿನಾಲ್ಕು ಪತ್ರಗಳು ಬಂದವು. ಹದಿಮೂರರಲ್ಲಿ ಪ್ರತಿವರ್ಷದ ವಿಷಯಗಳೇ: ರಂಗೋಲಿ, ಅಂತ್ಯಾಕ್ಷರಿ, ಮಕ್ಕಳ ವೇಷಭೂಷಣ, ಊಟಕ್ಕೆ ಹೋಳಿಗೆಯೋ ಪಾಯಸವೋ ಎಂಬ ಚರ್ಚೆ. ಹದಿನಾಲ್ಕನೆಯದಕ್ಕೆ ಐವರು ಯುವ ಸದಸ್ಯರ ಸಹಿ ಇತ್ತು. ಹೊಸೂರಿನ ಇಬ್ಬರು, ಕಾಸರಗೋಡು, ಸೊಲ್ಲಾಪುರ ಮತ್ತು ಆದೋನಿಯ ತಲಾ ಒಬ್ಬರು. ಐವರೂ ಈಗ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಕೆಲಸದಲ್ಲಿದ್ದಾರೆ. ಅವರ ಕೋರಿಕೆಯ ಸಾರಾಂಶ ಇಷ್ಟು: "ನಾವು ಹವ್ಯಾಸಕ್ಕಾಗಿ ಮನೆಯಲ್ಲಿ ಬಿಯರ್ ತಯಾರಿಸುತ್ತೇವೆ. ಮಿಲನದ ಸಂಜೆ ಊಟದ ನಂತರ, ಮಕ್ಕಳು ಇಲ್ಲದ ಕೋಣೆಯಲ್ಲಿ, ಒಬ್ಬೊಬ್ಬರು ಎರಡು ಸೀಸೆಯಂತೆ ತಂದು ಪರಸ್ಪರ ಬದಲಾಯಿಸಿಕೊಂಡು ರುಚಿ ನೋಡಲು ಅನುಮತಿ ಕೊಡಿ. ಮಾರಾಟ ಇರುವುದಿಲ್ಲ."

ಕಾರ್ಯಕಾರಿ ಸಮಿತಿಯಲ್ಲಿ ಪತ್ರ ಓದಿದಾಗ ಸಭೆ ಎರಡು ಪಾಲಾಯಿತು. ಒಬ್ಬ ಹಿರಿಯರು ಎದ್ದು ಹೊರಗೆ ಹೋಗಿಬಿಟ್ಟರು. ಇನ್ನೊಬ್ಬರು, "ಈಗಿನ ಕಾಲದಲ್ಲಿ ಇದೇನು ದೊಡ್ಡ ವಿಷಯ, ಹುಡುಗರು ಕೇಳಿ ಮಾಡುತ್ತಿದ್ದಾರಲ್ಲ, ಅದೇ ಸಂತೋಷ" ಎಂದರು. ಎರಡೂ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಕಡತ ತೆಗೆದುಕೊಂಡು ಮನೆಗೆ ಬಂದೆ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ಮೂವತ್ತು ವರ್ಷ ದುಡಿದವನಿಗೆ ಒಂದು ಅಭ್ಯಾಸ ಬಿಡುವುದಿಲ್ಲ: ಅರ್ಜಿ ಬಂದರೆ ಮೊದಲು ಕಾಯ್ದೆ ನೋಡು, ಆಮೇಲೆ ಅರ್ಜಿದಾರನ ಮುಖ ನೋಡು, ಕೊನೆಗೆ ಟಿಪ್ಪಣಿ ಬರೆ. ಈ ಲೇಖನವೇ ಆ ಟಿಪ್ಪಣಿ. ಪ್ರಶ್ನೆ ಐವರು ಹುಡುಗರದ್ದು ಮಾತ್ರವಲ್ಲ, ಗಡಿಯ ಎರಡೂ ಕಡೆ ಓಡಾಡುವ ನಮ್ಮೆಲ್ಲರದ್ದು ಎಂದು ತೋರಿದ್ದರಿಂದ ಇಲ್ಲಿ ಪ್ರಕಟಿಸುತ್ತಿದ್ದೇನೆ.

ಹುಡುಗರು ಮಾಡುವುದೇನು?

ನಾನು ಕುಡಿಯುವವನಲ್ಲ. ಆದ್ದರಿಂದ ಪತ್ರಕ್ಕೆ ಸಹಿ ಹಾಕಿದವರಲ್ಲಿ ಒಬ್ಬನನ್ನು ಭಾನುವಾರ ಮನೆಗೆ ಕರೆಸಿದೆ. "ಏನಪ್ಪಾ ಇದೆಲ್ಲ?" ಎಂದು ಕೇಳಿದ್ದಕ್ಕೆ, "ಅಂಕಲ್, ನಿಮಗೆ ಇಷ್ಟವಾಗೋದು ಇದು" ಎನ್ನುತ್ತಾ ಚೀಲದಿಂದ ಒಂದು ಉದ್ದ ಪುಸ್ತಕ ತೆಗೆದ. ತೆಗೆದದ್ದು ಸೀಸೆಯಲ್ಲ, ಪುಸ್ತಕ. ಪ್ರತಿ ಸಲ ಎಷ್ಟು ಧಾನ್ಯ, ಎಷ್ಟು ನೀರು, ಎಷ್ಟು ಡಿಗ್ರಿ ಉಷ್ಣ, ಯಾವ ದಿನ ಯೀಸ್ಟ್ ಹಾಕಿದ್ದು, ಯಾವ ದಿನ ಸೀಸೆಗೆ ತುಂಬಿದ್ದು, ಯಾವುದು ಕೆಟ್ಟಿತು, ಏಕೆ ಕೆಟ್ಟಿತು ಎಂದು ದಿನಾಂಕ ಸಮೇತ ಬರೆದಿದ್ದಾನೆ. ನಮ್ಮ ಕಚೇರಿಯ ರಿಜಿಸ್ಟರುಗಳು ಇಷ್ಟು ಚೆನ್ನಾಗಿರಲಿಲ್ಲ.

ಕ್ರಮ ಹೀಗೆ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಅದು ಮಾಲ್ಟ್. ಅದನ್ನು ತರಿತರಿಯಾಗಿ ಒಡೆದು ಸುಮಾರು 65 ಡಿಗ್ರಿ ಬಿಸಿಯ ನೀರಿನಲ್ಲಿ ಒಂದು ಗಂಟೆ ಇಟ್ಟರೆ ಧಾನ್ಯದ ಹಿಟ್ಟಿನ ಅಂಶ ಸಕ್ಕರೆಯಾಗುತ್ತದೆ. ಆ ಸಿಹಿ ನೀರನ್ನು ಸೋಸಿ, ಹಾಪ್ಸ್ ಎಂಬ ಬಳ್ಳಿಯ ಒಣ ಹೂವು ಹಾಕಿ ಕುದಿಸಬೇಕು. ಕಹಿ ಮತ್ತು ಸುವಾಸನೆ ಬರುವುದು ಅದರಿಂದಲೇ. ತಣಿದ ಮೇಲೆ ಯೀಸ್ಟ್. ಅದು ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ. ಒಂದೆರಡು ವಾರದ ನಂತರ ಚಿಟಿಕೆ ಸಕ್ಕರೆ ಸೇರಿಸಿ ಸೀಸೆಗೆ ತುಂಬಿ ಮುಚ್ಚಳ ಒತ್ತಿದರೆ ಒಳಗೇ ನೊರೆ ಹುಟ್ಟುತ್ತದೆ. ಸಕ್ಕರೆ ಹೆಚ್ಚಾದರೆ ಸೀಸೆ ಸಿಡಿಯುತ್ತದೆ. ಅದೂ ಆಗಿದೆಯಂತೆ, ಪುಸ್ತಕದಲ್ಲಿ ನಮೂದಾಗಿದೆ.

ಈ ಹುಡುಗ ಬಾರ್ಲಿಯ ಜೊತೆ ಮೊಳಕೆ ಕಟ್ಟಿದ ರಾಗಿಯನ್ನೂ ಬೆರೆಸುತ್ತಾನೆ. ರಾಗಿ ಮೊಳಕೆ ಕಟ್ಟುವುದನ್ನು ಕಲಿತದ್ದು ಅಜ್ಜಿಯಿಂದ. ಅಜ್ಜಿ ಅದನ್ನು ಬಟ್ಟೆಯಲ್ಲಿ ಕಟ್ಟಿ, ನೆರಳಲ್ಲಿ ಒಣಗಿಸಿ, ಹುರಿದು ಬೀಸಿ ಮೊಮ್ಮಕ್ಕಳಿಗೆ ಮಾಲ್ಟ್ ಮಾಡಿ ಕುಡಿಸುತ್ತಿದ್ದರು. ಇದನ್ನು ಕೇಳುವಾಗ ನನಗೆ ಒಂದು ವಿಚಾರ ಹೊಳೆಯಿತು. ಮೊಳಕೆ ಕಟ್ಟಿದ ರಾಗಿಯನ್ನು ಬೀಸಿ ಹಾಲಿಗೆ ಹಾಕಿದರೆ ಅದು ಮಗುವಿನ ಆಹಾರ. ಅದನ್ನೇ ಬಿಸಿನೀರಿನಲ್ಲಿ ಇಟ್ಟು ಸೋಸಿ ಒಂದು ಚಮಚ ಯೀಸ್ಟ್ ಹಾಕಿದರೆ ಅಬಕಾರಿ ಅಪರಾಧ. ನಡುವೆ ಇರುವುದು ಒಂದು ಚಮಚ.

ಬದಲಾಯಿಸಿಕೊಳ್ಳುವುದು ಏಕೆ ಎಂದೂ ಕೇಳಿದೆ. ಉತ್ತರ ಸರಳ. ಒಂದು ಸಲ ಮಾಡಿದರೆ ಸುಮಾರು ಇಪ್ಪತ್ತು ಲೀಟರ್ ಆಗುತ್ತದೆ, ಅಂದರೆ ಮೂವತ್ತು ಸೀಸೆ. ಒಬ್ಬ ಕುಡಿದು ಮುಗಿಸುವುದಲ್ಲ, ಮುಗಿಸಲೂಬಾರದು. ಎರಡನೆಯದಾಗಿ, ತಾನು ಮಾಡಿದ ಅಡುಗೆಯ ದೋಷ ತನಗೆ ತಿಳಿಯುವುದಿಲ್ಲ. ಇನ್ನೊಬ್ಬ ಹವ್ಯಾಸಿ ಅರ್ಧ ಲೋಟ ಬಾಯಿಗಿಟ್ಟು, "ಬೆಣ್ಣೆ ವಾಸನೆ ಬರ್ತಿದೆ, ಯೀಸ್ಟ್ ಕೆಲಸ ಮುಗಿಸೋ ಮೊದಲೇ ತಣ್ಣಗೆ ಮಾಡಿಬಿಟ್ಟೆ" ಎಂದೋ, "ಒದ್ದೆ ರಟ್ಟಿನ ವಾಸನೆ, ಗಾಳಿ ಸೇರಿದೆ" ಎಂದೋ ಹೇಳಬೇಕು. ಅಮೆರಿಕದಲ್ಲಿ 1985ರಿಂದ ಇದಕ್ಕೆ ತೀರ್ಪುಗಾರರ ವ್ಯವಸ್ಥೆಯೇ ಇದೆ. 50 ಅಂಕಗಳ ಪಟ್ಟಿ: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ಹತ್ತುವ ಗುಣಕ್ಕೆ 5, ಒಟ್ಟಾರೆ ಅಭಿಪ್ರಾಯಕ್ಕೆ 10. ಅಮಲಿಗೆ ಅಂಕವಿಲ್ಲ. ಈ ಹುಡುಗರೂ ಅದೇ ಪಟ್ಟಿ ಬಳಸುತ್ತಾರೆ.

ಕಾಯ್ದೆ ಹೇಳುವುದೇನು?

ಇಷ್ಟು ಕೇಳಿದ ಮೇಲೆ ಹುಡುಗರ ಬಗ್ಗೆ ನನಗೆ ಇದ್ದ ಸಂಶಯ ಹೋಯಿತು. ಆದರೆ ಕಾಯ್ದೆ ಪುಸ್ತಕ ತೆರೆದಾಗ ಹೊಸ ಚಿಂತೆ ಹಿಡಿಯಿತು.

ಮದ್ಯ ಎಂಬುದು ಸಂವಿಧಾನದ ಏಳನೇ ಅನುಸೂಚಿಯಲ್ಲಿ ರಾಜ್ಯಪಟ್ಟಿಯ 8ನೇ ನಮೂದು. ತಯಾರಿಕೆ, ಸಾಗಣೆ, ಸ್ವಾಧೀನ, ಮಾರಾಟ ಎಲ್ಲವೂ ರಾಜ್ಯಕ್ಕೆ ಸೇರಿದ್ದು. ಅದರ ಮೇಲಿನ ಅಬಕಾರಿ ಸುಂಕ 51ನೇ ನಮೂದು, ಅದೂ ರಾಜ್ಯಕ್ಕೆ. ಜಿಎಸ್‌ಟಿ ಬಂದಾಗಲೂ ಕುಡಿಯುವ ಮದ್ಯವನ್ನು ಹೊರಗಿಟ್ಟರು. ಪಾನನಿಷೇಧದತ್ತ ಸಾಗಬೇಕು ಎಂಬ 47ನೇ ವಿಧಿಯ ನಿರ್ದೇಶನ ಒಂದು ಕಡೆ, ಖಜಾನೆಯ ಅಗತ್ಯ ಇನ್ನೊಂದು ಕಡೆ. ಮದ್ಯದ ವ್ಯಾಪಾರ ಮಾಡುವುದು ಮೂಲಭೂತ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಆ ಪ್ರಸಿದ್ಧ ತೀರ್ಪೂ ಕರ್ನಾಟಕದ್ದೇ, ಖೋಡೆ ಡಿಸ್ಟಿಲರೀಸ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ಮೊಕದ್ದಮೆ.

ಇದರ ಫಲವಾಗಿ ನಮ್ಮ ಸದಸ್ಯರು ಹರಡಿಕೊಂಡಿರುವ ಗಡಿಪಟ್ಟಿಯಲ್ಲಿ ಒಂದೇ ಸೀಸೆಗೆ ಏಳು ಕಾಯ್ದೆಗಳು ಅನ್ವಯಿಸುತ್ತವೆ:

ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ. ಕೇರಳದಲ್ಲಿ ಕೊಲ್ಲವರ್ಷ 1077ರ, ಅಂದರೆ 1902ರ ಸುಮಾರಿನ, ಕೊಚ್ಚಿ ಸಂಸ್ಥಾನದಲ್ಲಿ ಹುಟ್ಟಿದ ಅಬ್ಕಾರಿ ಕಾಯ್ದೆ. ತಮಿಳುನಾಡಿನಲ್ಲಿ 1937ರ ಪಾನನಿಷೇಧ ಕಾಯ್ದೆ. ಮಹಾರಾಷ್ಟ್ರದಲ್ಲಿ 1949ರ ಪಾನನಿಷೇಧ ಕಾಯ್ದೆ. ಆಂಧ್ರದಲ್ಲಿ 1968ರ ಅಬಕಾರಿ ಕಾಯ್ದೆ ಮತ್ತು ಜೊತೆಗೆ 1995ರ ಪಾನನಿಷೇಧ ಕಾಯ್ದೆ. ತೆಲಂಗಾಣ ಪ್ರತ್ಯೇಕವಾದಾಗ ಅದೇ 1968ರ ಕಾಯ್ದೆಯನ್ನು ತನ್ನದಾಗಿಸಿಕೊಂಡಿತು. ಗೋವಾದಲ್ಲಿ 1964ರ ಎಕ್ಸೈಸ್ ಡ್ಯೂಟಿ ಕಾಯ್ದೆ.

ಹೆಸರಿನಲ್ಲೇ ವಿಚಿತ್ರ ಇದೆ ನೋಡಿ. ಸರ್ಕಾರವೇ ಅಂಗಡಿ ಇಟ್ಟು ಮಾರುವ ತಮಿಳುನಾಡಿನಲ್ಲಿ ಕಾಯ್ದೆಯ ಹೆಸರು ಪಾನನಿಷೇಧ. ರಾಜಾಜಿ ಸರ್ಕಾರ ಅದನ್ನು 1937ರ ಅಕ್ಟೋಬರ್ 1ರಂದು ಮೊದಲು ಜಾರಿ ಮಾಡಿದ್ದು ಸೇಲಂ ಜಿಲ್ಲೆಯಲ್ಲಿ. ಆಗ ಹೊಸೂರು ಸೇಲಂ ಜಿಲ್ಲೆಗೇ ಸೇರಿತ್ತು. ಅಂದರೆ ಆ ಕಾಯ್ದೆಯ ಮೊದಲ ದಿನದ ಪ್ರಜೆಗಳು ನಮ್ಮ ಅಜ್ಜಂದಿರು. ಕುಡಿಯುವ ವಯಸ್ಸಿನಲ್ಲೂ ಒಮ್ಮತವಿಲ್ಲ. ಗೋವಾದಲ್ಲಿ 18, ತಮಿಳುನಾಡಿನಲ್ಲಿ 21, ಕೇರಳದಲ್ಲಿ 23. ಮಹಾರಾಷ್ಟ್ರದಲ್ಲಿ ಕುಡಿಯುವವನ ಬಳಿ ಪರ್ಮಿಟ್ ಇರಬೇಕು ಎಂಬ ನಿಯಮ ಈಗಲೂ ಪುಸ್ತಕದಲ್ಲಿದೆ.

ಹೀಗೆ ಎಲ್ಲದರಲ್ಲೂ ಭಿನ್ನವಾದ ಏಳು ರಾಜ್ಯಗಳು ಒಂದೇ ಒಂದು ವಿಷಯದಲ್ಲಿ ಒಂದಾಗಿವೆ: ಪರವಾನಗಿ ಇಲ್ಲದೆ ಮದ್ಯ ತಯಾರಿಸಬಾರದು. "ಮದ್ಯ" ಎಂಬುದರಲ್ಲಿ ಬಿಯರ್ ಸೇರಿದೆ. ಮಾರಿದರೆ ಮಾತ್ರ ತಪ್ಪು ಎಂದು ಹುಡುಗರು ತಿಳಿದಿದ್ದರು. ಹಾಗಿಲ್ಲ. ತಯಾರಿಸುವುದೇ ತಪ್ಪು, ಇಟ್ಟುಕೊಳ್ಳುವುದು ತಪ್ಪು, ಸಾಗಿಸುವುದು ತಪ್ಪು. ಮಹಾರಾಷ್ಟ್ರದ ಕಾಯ್ದೆಯ 65ನೇ ಕಲಂ ಪ್ರಕಾರ ತಯಾರಿಕೆಗಾಗಿ ಪಾತ್ರೆ ಪರಡಿ ಇಟ್ಟುಕೊಳ್ಳುವುದೂ ಅಪರಾಧ. ಕೇರಳದ 55ನೇ ಕಲಂ ಕೆಳಗೆ ಹತ್ತು ವರ್ಷದವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ. 2019ರ ಕ್ರಿಸ್‌ಮಸ್‌ಗೆ ಮುನ್ನ ಕೇರಳದ ಅಬಕಾರಿ ಇಲಾಖೆ ಸುತ್ತೋಲೆ ಹೊರಡಿಸಿ, ಹಬ್ಬಕ್ಕೆಂದು ಮನೆಯಲ್ಲಿ ದ್ರಾಕ್ಷಿ ವೈನ್ ಮಾಡುವುದೂ ಇದೇ ಕಾಯ್ದೆಯ ಕೆಳಗೆ ಬರುತ್ತದೆ ಎಂದು ಎಚ್ಚರಿಸಿದ್ದು ಕಾಸರಗೋಡು, ವಯನಾಡಿನ ಸದಸ್ಯರಿಗೆ ನೆನಪಿರಬಹುದು. ತಲೆಮಾರುಗಳಿಂದ ಕೇಕಿನ ಜೊತೆ ವೈನ್ ಮಾಡಿದ ಅಜ್ಜಿಯರು ಒಂದು ಬೆಳಗ್ಗೆ ಎದ್ದಾಗ ಜಾಮೀನುರಹಿತ ಅಪರಾಧದ ಅಂಚಿನಲ್ಲಿದ್ದರು.

ಅಂಗಡಿಯಲ್ಲಿ ಕೊಂಡ ಸೀಸೆಗೂ ಗಡಿ ಸುಲಭವಲ್ಲ. ಸುಂಕ ಕಟ್ಟಿದ್ದು ಒಂದು ರಾಜ್ಯಕ್ಕೆ, ದಾಟಿಸಿದ್ದು ಇನ್ನೊಂದಕ್ಕೆ. ಅದಕ್ಕೇ ಇಂಥ ರಾಜ್ಯದಲ್ಲಿ ಮಾತ್ರ ಮಾರಾಟಕ್ಕೆ ಎಂದು ಲೇಬಲ್ ಮೇಲೆ ಅಚ್ಚಾಗಿರುತ್ತದೆ. ಎಷ್ಟು ತರಬಹುದು ಎಂಬ ಮಿತಿ ರಾಜ್ಯ ರಾಜ್ಯಕ್ಕೆ ಬೇರೆ, ಅದೂ ಆಗಾಗ ಬದಲಾಗುತ್ತದೆ. ಬೆಂಗಳೂರಿನ ಹುಡುಗ ಅತ್ತಿಬೆಲೆ ದಾಟಿ ಹೊಸೂರಿನ ಗೆಳೆಯನಿಗೆ ಒಂದು ಸೀಸೆ ಕೊಟ್ಟರೆ ಅವರ ದೃಷ್ಟಿಯಲ್ಲಿ ಅದು ಉಡುಗೊರೆ. ಕಾಯ್ದೆಯ ದೃಷ್ಟಿಯಲ್ಲಿ ಅಂತರರಾಜ್ಯ ಸಾಗಣೆ. ತಪಾಸಣಾ ಠಾಣೆಯಲ್ಲಿ ವಾಹನ ನಿಲ್ಲಿಸಿದರೆ ಮಹಜರು ಬರೆಯುವವನು ಅಂಕಪಟ್ಟಿ ಓದುವುದಿಲ್ಲ. ಸೀಸೆ ಎಷ್ಟು, ಲೇಬಲ್ ಇದೆಯೋ ಇಲ್ಲವೋ, ವಾಹನದ ಸಂಖ್ಯೆ ಏನು, ಇಷ್ಟೇ ಬರೆಯುತ್ತಾನೆ. ಅಂಥ ಮಹಜರುಗಳ ನಕಲು ನಾನು ಸಾಕಷ್ಟು ತೆಗೆದಿದ್ದೇನೆ. ವಾಹನ ಬಿಡಿಸಿಕೊಳ್ಳಲು ವರ್ಷಗಟ್ಟಲೆ ಅಲೆದವರ ಮುಖಗಳು ಈಗಲೂ ನೆನಪಿವೆ.

ಕಾಯ್ದೆಗೆ ಇಷ್ಟು ಸಿಟ್ಟು ಏಕೆ?

ಕಾಯ್ದೆಯನ್ನು ದೂರುವ ಮೊದಲು ಅದರ ಸಿಟ್ಟಿಗೆ ಕಾರಣ ಹೇಳಲೇಬೇಕು.

2008ರ ಮೇ ತಿಂಗಳು. ಕರ್ನಾಟಕ ಸರ್ಕಾರ ಅದರ ಹಿಂದಿನ ವರ್ಷ, 2007ರ ಜುಲೈ 1ರಿಂದ, ಸಾರಾಯಿ ಮಾರಾಟ ನಿಲ್ಲಿಸಿತ್ತು. ಕೂಲಿಕಾರರ ಅಗ್ಗದ ಕುಡಿತ ಕದ್ದುಮುಚ್ಚಿ ನಡೆಯತೊಡಗಿತು. ಮೆಥನಾಲ್ ಬೆರೆತ ಕಳ್ಳಬಟ್ಟಿ ಬೆಂಗಳೂರು, ಕೋಲಾರದ ಸುತ್ತ ಮತ್ತು ಗಡಿಯ ಈಚೆ ನಮ್ಮ ಕೃಷ್ಣಗಿರಿ ಜಿಲ್ಲೆಯ ಕಡೆ ಹರಿದು 150ಕ್ಕೂ ಹೆಚ್ಚು ಜನ ಸತ್ತರು. ಆ ವಾರ ಕಚೇರಿಯಲ್ಲಿ ಹೆಸರುಗಳ ಪಟ್ಟಿ ಬರೆದವರಲ್ಲಿ ನಾನೂ ಒಬ್ಬ. ಹೆಸರು, ತಂದೆಯ ಹೆಸರು, ವಯಸ್ಸು, ಕಸುಬು. ಕಸುಬಿನ ಕಾಲಂನಲ್ಲಿ ಮತ್ತೆ ಮತ್ತೆ ಒಂದೇ ಪದ ಬರೆದೆ: ಕೂಲಿ. ಆ ಪಟ್ಟಿ ಬರೆದ ಕೈಗೆ "ಮನೆಯಲ್ಲಿ ಮಾಡಿದ ಮದ್ಯ" ಎಂಬ ಮಾತು ಕೇಳಿದರೆ ಈಗಲೂ ನಡುಕ ಬರುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನ ಹೀಗೇ ಸತ್ತಿದ್ದರು. 2024ರ ಜೂನ್‌ನಲ್ಲಿ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು. ಅದಾದ ಮೇಲೆ ತಮಿಳುನಾಡು ಸರ್ಕಾರ ತನ್ನ ಕಾಯ್ದೆ ತಿದ್ದಿ, ಸಾವು ಸಂಭವಿಸಿದರೆ ಜೀವಾವಧಿ ಸೆರೆವಾಸದವರೆಗೆ ಶಿಕ್ಷೆ ಏರಿಸಿತು. ತಪ್ಪೆಂದು ಯಾರು ಹೇಳುತ್ತಾರೆ?

ಆದರೆ ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಆ ಸಾವುಗಳು ಬಂದದ್ದು ಧಾನ್ಯ ಹುದುಗಿಸಿದ್ದರಿಂದ ಅಲ್ಲ. ಮೆಥನಾಲ್ ಎಂಬುದು ಕಾರ್ಖಾನೆಗಳಲ್ಲಿ ದ್ರಾವಕವಾಗಿ ಬಳಸುವ ವಿಷ. ಅದನ್ನು ಕದ್ದು, ನೀರು ಬೆರೆಸಿ, ಲಾಭಕ್ಕೆ ಮಾರಿದ್ದರಿಂದ ಜನ ಸತ್ತರು. ಮಾಲ್ಟ್ ನೀರಿಗೆ ಯೀಸ್ಟ್ ಹಾಕಿದಾಗ ಜೀವಕ್ಕೆ ಕುತ್ತು ತರುವಷ್ಟು ಮೆಥನಾಲ್ ಹುಟ್ಟುವುದಿಲ್ಲ. ಬಿಯರ್ ಕೆಟ್ಟರೆ ಹುಳಿಯಾಗುತ್ತದೆ, ನಾರುತ್ತದೆ, ಸೀಸೆ ಒಡೆಯುತ್ತದೆ. ಕಣ್ಣು ಹೋಗುವುದಿಲ್ಲ. ಹುದುಗಿಸುವುದು ಬೇರೆ, ಭಟ್ಟಿ ಇಳಿಸುವುದು ಬೇರೆ, ವಿಷ ಬೆರೆಸಿ ಮಾರುವುದು ಮತ್ತೂ ಬೇರೆ. ನಮ್ಮ ಕಾಯ್ದೆಗಳು ಶಿಕ್ಷೆಯ ಪ್ರಮಾಣದಲ್ಲಿ ಸ್ವಲ್ಪ ಭೇದ ಮಾಡಿದರೂ ಮೂರನ್ನೂ ಒಂದೇ ಬಾಗಿಲಿನಿಂದ ಒಳಗೆ ಕರೆಯುತ್ತವೆ.

ಕೈಗಾರಿಕಾ ಆಲ್ಕೋಹಾಲ್ ಮೇಲೂ ರಾಜ್ಯಗಳಿಗೆ ಅಧಿಕಾರವಿದೆ ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2024ರ ಅಕ್ಟೋಬರ್ 23ರಂದು 8-1 ಬಹುಮತದಿಂದ ತೀರ್ಪು ಕೊಟ್ಟಿತು. ಭಿನ್ನ ತೀರ್ಪು ಬರೆದವರು ನಮ್ಮ ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ನನ್ನ ಸಾಮಾನ್ಯ ಬುದ್ಧಿಗೆ ತೋರುವುದು ಇಷ್ಟು: ಜೀವ ತೆಗೆದ ವಸ್ತುವಿನ ಮೇಲೆ ಕಣ್ಣಿಡುವ ಅಧಿಕಾರ ಈಗ ರಾಜ್ಯಗಳ ಕೈಯಲ್ಲಿ ಗಟ್ಟಿಯಾಗಿದೆ. ಮೆಥನಾಲ್ ಟ್ಯಾಂಕರ್ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬ ಲೆಕ್ಕ ಬಿಗಿಯಾದರೆ ಜೀವ ಉಳಿಯುತ್ತದೆ. ಇಪ್ಪತ್ತು ಲೀಟರ್ ರಾಗಿ ಬಿಯರ್ ಹಿಡಿದರೆ ಮಹಜರಿನ ಸಂಖ್ಯೆ ಹೆಚ್ಚುತ್ತದೆ.

ಬೇರೆ ಕಡೆ ಗೆರೆ ಎಲ್ಲಿ ಎಳೆದರು?

ಬ್ರಿಟನ್‌ನಲ್ಲಿ 1963ರವರೆಗೆ ಮನೆಯಲ್ಲಿ ಬಿಯರ್ ಮಾಡಲು ಲೈಸೆನ್ಸ್ ಬೇಕಿತ್ತು. ಆ ವರ್ಷ ಅದನ್ನು ತೆಗೆದರು. ಅಮೆರಿಕದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರ್ 14ರಂದು ಸಹಿ ಹಾಕಿದ ಕಾಯ್ದೆ 1979ರ ಫೆಬ್ರವರಿಯಿಂದ ಜಾರಿಗೆ ಬಂತು. ಅದರ ಗೆರೆಗಳು ಸ್ಪಷ್ಟ: ವಯಸ್ಕರು ಮಾತ್ರ. ವರ್ಷಕ್ಕೆ ಒಬ್ಬ ವಯಸ್ಕನಿರುವ ಮನೆಗೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್. ಮಾರುವಂತಿಲ್ಲ. ಭಟ್ಟಿ ಇಳಿಸುವುದು ಅಪರಾಧವಾಗಿಯೇ ಉಳಿಯಿತು. ಅಲ್ಲೂ ರಾಜ್ಯಗಳಿಗೆ ಅವರವರ ಕಾಯ್ದೆ ಇದ್ದುದರಿಂದ ಕೊನೆಯ ಎರಡು ರಾಜ್ಯಗಳಾದ ಅಲಬಾಮ ಮತ್ತು ಮಿಸಿಸಿಪ್ಪಿ ಒಪ್ಪಲು 2013 ಆಯಿತು. ಮೂವತ್ತೈದು ವರ್ಷ! ಗಡಿ ದಾಟಿದರೆ ಅಪರಾಧಿಯಾಗುವ ಅನುಭವ ನಮ್ಮದು ಮಾತ್ರವಲ್ಲ ಎಂದು ತಿಳಿದು ಸ್ವಲ್ಪ ಸಮಾಧಾನವಾಯಿತು. ಅಲ್ಲಿನ ಅನೇಕ ಸಣ್ಣ ಬಿಯರ್ ಕಂಪನಿಗಳನ್ನು ಕಟ್ಟಿದವರು ಮೊದಲು ಹೀಗೆ ಸೀಸೆ ಬದಲಾಯಿಸಿಕೊಂಡು ಕಲಿತವರೇ.

ಅಷ್ಟು ದೂರ ಹೋಗುವುದೂ ಬೇಡ. ಆದಿವಾಸಿ ಕುಟುಂಬಗಳು ತಮ್ಮ ಬಳಕೆಗೆ ಮಾಡಿಕೊಳ್ಳುವ ಅಕ್ಕಿ ಪೇಯಕ್ಕೆ, ಮಹುವಾ ಹೂವಿನ ಮದ್ಯಕ್ಕೆ ಅಸ್ಸಾಂ, ಮಧ್ಯಪ್ರದೇಶ, ಛತ್ತೀಸಗಢದಂಥ ರಾಜ್ಯಗಳಲ್ಲಿ ಮಿತಿಯೊಳಗೆ ವಿನಾಯಿತಿ ಇದೆ. 1996ರ ಪೆಸಾ ಕಾಯ್ದೆ ಅನುಸೂಚಿತ ಪ್ರದೇಶಗಳ ಗ್ರಾಮಸಭೆಗೆ ಮದ್ಯದ ನಿಯಂತ್ರಣದಲ್ಲಿ ಮಾತು ಕೊಟ್ಟಿದೆ. ಗೋವಾದ ಗೋಡಂಬಿ ಫೆನಿಗೆ 2009ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಕೇರಳ 2022ರಲ್ಲಿ ಹಣ್ಣುಗಳಿಂದ ಸಣ್ಣ ಪ್ರಮಾಣದಲ್ಲಿ ವೈನ್ ಮಾಡಲು ಪರವಾನಗಿ ನಿಯಮ ತಂದಿತು. ಕರ್ನಾಟಕ ಮೈಕ್ರೊಬ್ರುವರಿಗೆ ಅವಕಾಶ ಕೊಟ್ಟ ಮೇಲೆ ಬೆಂಗಳೂರಿನಲ್ಲಿ ಹತ್ತಾರು ಕಡೆ ಅಲ್ಲೇ ತಯಾರಿಸಿ ಅಲ್ಲೇ ಬಡಿಸುತ್ತಾರೆ. ಅಂದರೆ ವಿನಾಯಿತಿ, ಮಿತಿ, ಗುರುತು ಎಂಬ ಮಾತುಗಳು ನಮ್ಮ ದೇಶದ ಅಬಕಾರಿ ಕಡತಕ್ಕೆ ಹೊಸದಲ್ಲ. ಮನೆಯ ಹವ್ಯಾಸಕ್ಕೆ ಆ ಕಾಲಂ ಇನ್ನೂ ತೆರೆದಿಲ್ಲ ಅಷ್ಟೇ. ಪ್ರತಿ ಲೀಟರಿನಿಂದಲೂ ಸುಂಕ ಬರುವಾಗ ಸುಂಕವಿಲ್ಲದ ಲೀಟರಿಗೆ ಕಾಲಂ ತೆರೆಯುವ ಆತುರ ಯಾವ ಖಜಾನೆಗೂ ಇರುವುದಿಲ್ಲ. ಕರ್ನಾಟಕ 2023ರ ಬಜೆಟ್ಟಿನಲ್ಲಿ ಬಿಯರ್ ಮೇಲಿನ ಹೆಚ್ಚುವರಿ ಸುಂಕವನ್ನು ಶೇ 175ರಿಂದ 185ಕ್ಕೆ ಏರಿಸಿದ್ದು ನೆನಪಿರಲಿ.

ಹುಡುಗರಿಗೆ ಒಂದು ಕಹಿ ಮಾತು

ನಮ್ಮ ಸದಸ್ಯರಲ್ಲಿ ಕಳ್ಳು ಇಳಿಸುವ ಕಸುಬಿನ ಮನೆತನದವರಿದ್ದಾರೆ. ನೀಲಗಿರಿ, ವಯನಾಡಿನಲ್ಲಿ ಕಾಡಿನಂಚಿನ ಜನರ ಜೊತೆ ಬೆರೆತು ಬಾಳುವವರಿದ್ದಾರೆ. ಅವರ ಹಿರಿಯರು ಮರ ಹತ್ತಿ ಇಳಿಸಿದ್ದೂ ಹುದುಗಿದ ಪಾನವೇ. ಅವರ ಮಡಕೆ ಒಡೆದಾಗ, ಅವರನ್ನು ಠಾಣೆಗೆ ಎಳೆದಾಗ, ಊರಿನ ಓದಿದವರು ಯಾರೂ ಹವ್ಯಾಸ, ಪರಂಪರೆ, ಸ್ವಾತಂತ್ರ್ಯ ಎಂದು ಪತ್ರ ಬರೆಯಲಿಲ್ಲ. ಇಂದು ಒಳ್ಳೆಯ ಸಂಬಳದ ಹುಡುಗರು ಸ್ಟೀಲ್ ಪಾತ್ರೆಯಲ್ಲಿ ಮಾಡಿದರೆ ಅದು ಕಲೆಯಾಗುತ್ತದೆ. ಇದನ್ನು ಆ ಹುಡುಗನಿಗೆ ನೇರವಾಗಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಕೇಳೋದಾದ್ರೆ ಎಲ್ಲರಿಗೂ ಸೇರಿಸಿ ಕೇಳ್ಬೇಕು ಅಂಕಲ್" ಎಂದ. ಆ ಮಾತು ನನಗೆ ಹಿಡಿಸಿತು. ಕಾಯ್ದೆ ಬದಲಾಗುವುದಾದರೆ ಅದು ಸ್ಟೀಲ್ ಪಾತ್ರೆಗೂ ಮಣ್ಣಿನ ಮಡಕೆಗೂ ಒಂದೇ ಆಗಿರಬೇಕು.

ಇನ್ನೊಂದು ಮಾತು ಸಭೆಯಿಂದ ಎದ್ದು ಹೋದ ಹಿರಿಯರ ಪರವಾಗಿ. ಅವರ ಮನೆಯಲ್ಲಿ ಕುಡಿತ ಏನು ಮಾಡಿತೆಂದು ಬಲ್ಲವರು ಬಲ್ಲರು. ಸುರಕ್ಷಿತ ಎನ್ನಬಹುದಾದ ಕುಡಿತದ ಪ್ರಮಾಣ ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಅಂಕಪಟ್ಟಿ ಇಟ್ಟುಕೊಂಡು ಅರ್ಧ ಲೋಟ ಸವಿಯುವವರೂ ಅದನ್ನು ಮರೆಯಬಾರದು. ಕುಟುಂಬಗಳು ಸೇರುವ ಸಂಜೆ ಯಾವ ಮನೆಯ ಗಾಯವನ್ನೂ ಕೆದಕಬಾರದು. ಇದು ಕಾಯ್ದೆಯ ಮಾತಲ್ಲ, ನೆರೆಹೊರೆಯ ಮಾತು.

ಸಮಿತಿಯ ಠರಾವು

ಟಿಪ್ಪಣಿ ಮಂಡಿಸಿದ ಮೇಲೆ ಸಮಿತಿ ಎರಡನೇ ಸಲ ಸೇರಿತು. ಎದ್ದು ಹೋಗಿದ್ದ ಹಿರಿಯರೂ ಬಂದಿದ್ದರು. ಅಂಗೀಕಾರವಾದದ್ದು ಹೀಗೆ:

ಒಂದು, ಸಂಘದ ಯಾವ ಕಾರ್ಯಕ್ರಮಕ್ಕೂ, ಸಂಘ ಗೊತ್ತುಮಾಡಿದ ವಸತಿ ಮತ್ತು ವಾಹನಕ್ಕೂ ಮನೆಯಲ್ಲಿ ಮಾಡಿದ ಅಥವಾ ಗಡಿಯಾಚೆಯಿಂದ ತಂದ ಮದ್ಯ ತರುವಂತಿಲ್ಲ. ಐವರು ಹುಡುಗರಲ್ಲಿ ಒಬ್ಬ ಸರ್ಕಾರಿ ನೌಕರಿಯ ಪರೀಕ್ಷೆ ಬರೆದು ಕಾಯುತ್ತಿದ್ದಾನೆ, ಇನ್ನೊಬ್ಬನ ವೀಸಾ ಅರ್ಜಿ ಹೋಗಿದೆ. ಒಂದು ಮಹಜರು ಸಾಕು, ಎರಡೂ ನಿಲ್ಲುತ್ತವೆ. ಸಂಘದ ನೋಂದಣಿಗೂ ಕುತ್ತು. ಕಲ್ಯಾಣ ಮಂಟಪ ಕೊಟ್ಟವರನ್ನೂ ಸಾಕ್ಷಿಗೆ ಕರೆಯುತ್ತಾರೆ.

ಎರಡು, ಆಸಕ್ತ ವಯಸ್ಕ ಸದಸ್ಯರು ಸ್ವಂತ ಖರ್ಚಿನಲ್ಲಿ ಬೆಂಗಳೂರಿನ ಪರವಾನಗಿ ಪಡೆದ ಮೈಕ್ರೊಬ್ರುವರಿಯೊಂದಕ್ಕೆ ಹೋಗಿ, ತಯಾರಿಕೆ ನೋಡಿ, ಅಲ್ಲೇ ರುಚಿ ನೋಡಿ, ತಮ್ಮ ಅಂಕಪಟ್ಟಿ ತುಂಬಿಸಿಕೊಂಡು ಬರಲು ಸಂಘದ ಅಭ್ಯಂತರವಿಲ್ಲ. ಹೋಗಿ ಬರುವುದು ಬಸ್ಸಿನಲ್ಲಿ. ಯಾರೂ ವಾಹನ ಓಡಿಸಕೂಡದು. ಸಂಘದ ನಿಧಿಯಿಂದ ಒಂದು ರೂಪಾಯಿಯೂ ಇಲ್ಲ.

ಮೂರು, ಮಿಲನದ ದಿನ ವಿನಿಮಯದ ಮೇಜು ಇರಲಿ, ಅಮಲಿಲ್ಲದ್ದು ಮಾತ್ರ. ಹೊಸೂರಿನ ರಾಗಿ ಮಾಲ್ಟ್, ಕಾಸರಗೋಡಿನ ಪುನರ್ಪುಳಿ ಶರಬತ್ತು, ಸೊಲ್ಲಾಪುರದ ಕಡೆಯ ಜೋಳದ ಅಂಬಲಿ, ಅವರವರ ಊರಿನ ಮಜ್ಜಿಗೆ, ಪಾನಕ. ಸೀಸೆ ಬದಲಾಯಿಸಿಕೊಳ್ಳಿ, ಮಾಡುವ ಕ್ರಮ ಬರೆದುಕೊಳ್ಳಿ. ಐವತ್ತು ಅಂಕಗಳ ಪಟ್ಟಿಯನ್ನು ಈ ಪಾನೀಯಗಳಿಗೆ ಹೊಂದಿಸಿ ಕನ್ನಡದಲ್ಲಿ ಸಿದ್ಧಪಡಿಸುವ ಹೊಣೆ ಆ ಐವರಿಗೇ ಒಪ್ಪಿಸಿದ್ದೇವೆ. ಒಪ್ಪಿದ್ದಾರೆ.

ನಾಲ್ಕು, ಮನೆಬಳಕೆಯ ಹುದುಗು ಪಾನಕ್ಕೆ ಸೀಮಿತ ವಿನಾಯಿತಿ ಕೋರಿ ಒಂದು ಮನವಿಯ ಕರಡು ಸಿದ್ಧಪಡಿಸಬೇಕೇ ಎಂಬ ಬಗ್ಗೆ ಸದಸ್ಯರ ಅಭಿಪ್ರಾಯ ಕೇಳುವುದು. ಕರಡಿನಲ್ಲಿ ಇರಬೇಕಾದದ್ದು ನನ್ನ ಮಟ್ಟಿಗೆ ಐದು ಅಂಶ: ಹುದುಗಿಸುವುದಕ್ಕೆ ಮಾತ್ರ, ಭಟ್ಟಿಗೆ ಇಲ್ಲ; ವಯಸ್ಕರಿಗೆ ಮಾತ್ರ; ವರ್ಷಕ್ಕೆ ಇಂತಿಷ್ಟೇ ಲೀಟರ್; ಮಾರಾಟ ಪೂರ್ಣ ನಿಷಿದ್ಧ; ಕಳ್ಳು, ಅಕ್ಕಿ, ರಾಗಿ, ಬಾರ್ಲಿ ಎಂಬ ಭೇದವಿಲ್ಲದೆ ಎಲ್ಲರಿಗೂ ಒಂದೇ ನಿಯಮ. ಏಳು ಸರ್ಕಾರಗಳಿಗೆ ಏಳು ಮನವಿ ಬರೆಯಬೇಕಾಗುತ್ತದೆ. ಟೈಪ್ ಮಾಡಲು ನಾನಿದ್ದೇನೆ.

ನಾಲ್ಕನೆಯ ಅಂಶಕ್ಕೆ ಸಮಿತಿಯಲ್ಲಿ ಒಮ್ಮತ ಬಂದಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಪರ ನಾಲ್ವರು, ವಿರುದ್ಧ ಮೂವರು, ಒಬ್ಬರು ತಟಸ್ಥ. ಎದ್ದು ಹೋಗಿದ್ದ ಹಿರಿಯರು ವಿರುದ್ಧ ಮತ ಹಾಕಿದರು. ಆದರೆ ಹೊರಡುವಾಗ ಆ ಹುಡುಗನ ಪುಸ್ತಕವನ್ನು ಕೇಳಿ ತೆಗೆದುಕೊಂಡು, ನಿಂತಲ್ಲೇ ನಾಲ್ಕು ಪುಟ ಓದಿ, "ಅಕ್ಷರ ಚೆನ್ನಾಗಿದೆ ಕಣಯ್ಯಾ" ಎಂದು ಹಿಂದಿರುಗಿಸಿದರು.

ನನ್ನ ಮತ ಪರವಾಗಿತ್ತು. 2008ರ ಆ ಪಟ್ಟಿಯನ್ನು ಮರೆತು ಹಾಕಿದ ಮತವಲ್ಲ, ನೆನಪಿಟ್ಟುಕೊಂಡೇ ಹಾಕಿದ್ದು. ಯಾವುದು ಕೊಲ್ಲುತ್ತದೆ, ಯಾವುದು ಕೊಲ್ಲುವುದಿಲ್ಲ ಎಂದು ಬೇರ್ಪಡಿಸಿ ನೋಡುವ ಕಾಯ್ದೆ ಇದ್ದಿದ್ದರೆ, ಕೊಲ್ಲುವುದರ ಹಿಂದೆ ಓಡಲು ಆಗಲೂ ಹೆಚ್ಚು ಕೈಗಳು ಸಿಗುತ್ತಿದ್ದವು ಎಂಬುದು ನನ್ನ ನಂಬಿಕೆ. ಕಾಯ್ದೆ ಬದಲಾಗುವ ತನಕ ಮಾತ್ರ, ಮಕ್ಕಳೇ, ಗಡಿ ದಾಟುವಾಗ ನಿಮ್ಮ ಚೀಲದಲ್ಲಿ ಪುಸ್ತಕ ಇರಲಿ. ಸೀಸೆ ಬೇಡ.

ಅಭಿಪ್ರಾಯಗಳನ್ನು ಮುಂದಿನ ಮಾಸಿಕ ಸಭೆಯ ಒಳಗೆ ಲಿಖಿತವಾಗಿ ನಿಮ್ಮ ಊರಿನ ಪ್ರತಿನಿಧಿಗಳಿಗೆ ತಲುಪಿಸಬೇಕಾಗಿ ವಿನಂತಿ. ಪರವಾದವೂ ವಿರುದ್ಧವಾದವೂ ಎರಡನ್ನೂ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಲಾಗುವುದು.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ